ಸೋಮವಾರದ ಅನ್ನ

ಸನ್ಮಾನ ಪತ್ರ ಕೈಗೆತ್ತಿಕೊಂಡಾಗ ಕಮಲಾಕ್ಷರ ನಾಲಗೆ ಒಣಗಿ ಹಪ್ಪಳವಾಗಿತ್ತು. ಮುಂಬಯಿ ಬದಿಯ ಕೋಪರಖೈರಣೆಯ ಕನ್ನಡ ಸಂಘಕ್ಕೆ ಒಂಬತ್ತು ವರ್ಷದಿಂದ ಅವರೇ ಕಾರ್ಯದರ್ಶಿ, ಇಂಥ ಪತ್ರಗಳನ್ನು ಓದಿ ಓದಿ ಹಳಬರಾದವರು. ಒಂದು ಶಬ್ದಕ್ಕೆ ಹೀಗೆ ಹೆದರಿದ್ದು ಇದೇ ಮೊದಲು.

ವೇದಿಕೆಯ ನಡುವಿನ ಕುರ್ಚಿಯಲ್ಲಿ ಪೇಟ ತೊಟ್ಟು ಕೂತಿದ್ದವರು ಅಂಗಾರ. ಎಂಬತ್ತರ ದಶಕದಲ್ಲಿ ಕಡಲಾಚೆಯ ಒಂದು ದೇಶದ ಸಕ್ಕರೆ ಕಾರ್ಖಾನೆಯಲ್ಲಿ ಅಡುಗೆಗಿದ್ದವರು. ದೇಶದ ಹೆಸರು ಬೇಡ ಬಿಡಿ, ಈ ಕಥೆಗೂ ಆಕ್ಷೇಪದ ಕಾಗದ ಬಂದೀತು. ಅಲ್ಲಿ ಸೈನಿಕರು ಒಂದು ಜನಾಂಗದವರನ್ನು ಹುಡುಕಿ ಹುಡುಕಿ ಕೊಂದಾಗ ಈ ಮನುಷ್ಯ ನಾಲ್ವರನ್ನು ಸೌದೆ ಕೋಣೆಯಲ್ಲಿ ಅಡಗಿಸಿ ಉಳಿಸಿದ್ದರು. ಸಂಘಕ್ಕೆ ಅದು ಗೊತ್ತಾದದ್ದು ಈ ವರ್ಷ. ನಮ್ಮವರ ಬುದ್ಧಿ ನೋಡಿ, ದೊಡ್ಡ ಅತಿಥಿ ಇಲ್ಲದೆ ಶಾಲು ಹೊದಿಸಿದರೆ ಶಾಲಿಗೇ ಅವಮಾನ! ಆ ದೇಶದವರ ಕೈಯಿಂದಲೇ ಹೊದಿಸೋಣ ಎಂದು ಮುಂಬಯಿಯಲ್ಲಿರುವ ಅವರ ದೂತಾವಾಸಕ್ಕೆ ಆಮಂತ್ರಣ ಕಳಿಸಿಬಿಟ್ಟರು.

ಉತ್ತರ ಬಂತು. ಅಧಿಕಾರಿ ಬರುತ್ತಾರೆ, ಆದರೆ ಆಮಂತ್ರಣದಲ್ಲಿರುವ 'ಹತ್ಯಾಕಾಂಡ'ವನ್ನು ತಮ್ಮ ಸರಕಾರ ಒಪ್ಪುವುದಿಲ್ಲ, 'ಅಂದಿನ ಅಹಿತಕರ ಘಟನೆಗಳು' ಎನ್ನಬೇಕು. ಬೇರೆಯವರಾಗಿದ್ದರೆ ಹೋಗಯ್ಯಾ ಎನ್ನುತ್ತಿದ್ದರೋ ಏನೋ. ಕಮಲಾಕ್ಷರ ಮಗಳು ಅಶ್ಮಿತಾ, ಅಳಿಯ ಸುಜನ್ ಅದೇ ದೇಶದಲ್ಲಿ ಹೋಟೆಲ್ ನಡೆಸುತ್ತಿದ್ದರು. ಮುಂದಿನ ತಿಂಗಳು ಅವರ ಪರ್ಮಿಟ್ ರಿನ್ಯೂ ಆಗಬೇಕು. ಅದಕ್ಕೆ ಇಲ್ಲಿಂದ ಹೋಗಬೇಕಾದ ಕಾಗದಗಳಿಗೆ ಸಹಿ ಹಾಕುವವರು ಇದೇ ಅಧಿಕಾರಿ. ಕನ್ನಡ ಅವರಿಗೆಲ್ಲಿ ಗೊತ್ತಾಗುತ್ತದೆ ಎನ್ನುವಂತೆಯೂ ಇಲ್ಲ, ನಾಲ್ಕು ವರ್ಷದಿಂದ ಮುಂಬಯಿಯಲ್ಲಿದ್ದವರಿಗೆ ಹಿಂದಿಯ ಹತ್ಯಾಕಾಂಡ ಗೊತ್ತಿಲ್ಲವೇ?

ಸನ್ಮಾನದ ದಿನ ಬೆಳಿಗ್ಗೆಯೇ ಕಮಲಾಕ್ಷರು ಅಂಗಾರರ ಮನೆಗೆ ಹೋಗಿ ಮಗಳ ವಿಷಯ ಬಿಚ್ಚಿ ಹೇಳಿದ್ದರು.

"ಒಂದೇ ಒಂದು ಶಬ್ದ ಮಾರಾಯ್ರೆ. ನೀವೂ ಅದನ್ನು ಹೇಳ್ಬೇಡಿ."

ಅಂಗಾರ ತಮ್ಮ ಅಂಗೈ ನೋಡಿಕೊಂಡಿದ್ದರು. "ಶಬ್ದ ಎಲ್ಲ ಓದಿದವರಿಗೆ. ನಾನು ಹೇಳುದಿಲ್ಲ," ಎಂದಿದ್ದರು.

ಈಗ ಕಮಲಾಕ್ಷರು ಓದಿದರು. 'ಅಹಿತಕರ ಘಟನೆಗಳು' ಬಂದಲ್ಲಿ ದನಿ ತಾನಾಗಿಯೇ ಇಳಿಯಿತು. ಓದಿ ಬಂದು, ದುಭಾಷಿಯೂ ತಾವೇ ಆದ್ದರಿಂದ, ಅಧಿಕಾರಿಯ ಪಕ್ಕದಲ್ಲಿ ಕೂತರು. ಶಾಲು, ಹಣ್ಣಿನ ಬುಟ್ಟಿ, ಫೋಟೋ ಎಲ್ಲ ಆಯಿತು. ಗಂಡಾಂತರ ಕಳೆಯಿತು ಎಂದು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅಧ್ಯಕ್ಷೆ ರತ್ನಾವತಿಯವರು, ಎರಡು ಮಾತಾಡಿ ಎಂದು ಅಂಗಾರರ ಕೈಗೆ ಮೈಕ್ ಕೊಟ್ಟರು.

"ನಾನು ಅಡುಗೆಯವ," ಎಂದರು ಅಂಗಾರ. "ಸೋಮವಾರ ಮಧ್ಯಾಹ್ನ ಮುನ್ನೂರ ಇಪ್ಪತ್ತು ಜನಕ್ಕೆ ಅನ್ನ ಮಾಡಿದ್ದೆ. ಗುರುವಾರ ನಾಲ್ಕು ಜನಕ್ಕೆ. ಅಷ್ಟೇ ನನಗೆ ಗೊತ್ತಿರುದು."

ಅಂಗಾರ ಮಾತು ತಪ್ಪಿರಲಿಲ್ಲ. ಆ ಶಬ್ದ ಅವರ ಬಾಯಿಂದ ಬಂದಿರಲಿಲ್ಲ. ಅಧಿಕಾರಿ ಪಕ್ಕಕ್ಕೆ ಬಾಗಿ, ಏನಂದರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕಮಲಾಕ್ಷರ ಕಣ್ಣಮುಂದೆ ಅಶ್ಮಿತಾಳ ಮುಖ ಬಂತು. ಥೂ, ನನ್ನ ಜನ್ಮಕ್ಕಿಷ್ಟು ಎಂದು ಒಳಗೊಳಗೇ ಶಪಿಸಿಕೊಂಡು ಹೇಳಿದರು:

"ಅಡುಗೆ ಬಗ್ಗೆ ಮಾತಾಡಿದರು, ಸರ್."

ಅಧಿಕಾರಿ ನಗುತ್ತ ಚಪ್ಪಾಳೆ ತಟ್ಟಿದರು. ಇಡೀ ಸಭೆಯಲ್ಲಿ ಅದೊಂದೇ ಚಪ್ಪಾಳೆ. ಅದೇ ಹುರುಪಿನಲ್ಲಿ ಅಂಗಾರರತ್ತ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಕೇಳಿದರು.

ಎಂಟು ವರ್ಷ ಅಲ್ಲಿ ಬೇಯಿಸಿ ಬಡಿಸಿದವರಿಗೆ ಆ ಭಾಷೆ ಬರುತ್ತದೆ ಎಂಬುದು ಸಂಘದಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅಂಗಾರ ಮೈಕ್ ಕೆಳಗಿಟ್ಟು, ಅದೇ ಭಾಷೆಯಲ್ಲಿ ನಿಧಾನವಾಗಿ ಉತ್ತರಿಸಿದರು. ಕಮಲಾಕ್ಷರಿಗೆ ಒಂದಕ್ಷರ ತಿಳಿಯಲಿಲ್ಲ. ಚಪ್ಪಾಳೆ ನಿಂತದ್ದು ಕೇಳಿಸಿತು, ಅಂಗಾರರ ಕೈಗಳು ಕಂಡವು. ಮೊದಲು ಎರಡೂ ತೋಳು ಚಾಚಿ ಹಂಡೆಯ ಅಗಲ ತೋರಿಸಿದರು. ಆಮೇಲೆ ಬೊಗಸೆ ಮಾಡಿ, ಅದನ್ನು ಅಧಿಕಾರಿಯ ಮುಂದೆ ಹಿಡಿದೇ ನಿಂತರು.