ಪಳಗಿದ ಕಿವಿ

"ಶಬ್ದವೇ ಇಲ್ವಲ್ಲಮ್ಮ," ಎಂದು ಏಸಿ ಮೆಕ್ಯಾನಿಕ್ ಎರಡನೆಯ ಸಲವೂ ಹೇಳಿದಾಗ ಸೊಸೆಯ ಮುಖ ಬಿಳಿಚಿಕೊಂಡಿತು.

ಕಿಟಕಿಯಾಚೆಗಿನ ಏಸಿ ಪೆಟ್ಟಿಗೆಗೆ ಸ್ಕ್ರೂಡ್ರೈವರಿನ ತುದಿ ಊರಿ, ಹಿಡಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಕೇಳಿದ್ದ ಅವನು. ಮೂವತ್ತು ವರ್ಷ ಕಾರ್ಖಾನೆಯ ಯಂತ್ರಗಳ ನಡುವೆ ಪಳಗಿದ ಕಿವಿ. ಮೀಟರು ಗೀಟರು ಎಲ್ಲ ಕೆಲಸ ಬಾರದವರಿಗೆ ಎನ್ನುವ ಜಂಬ ಬೇರೆ.

"ನನಗೂ ಕೇಳಲ್ಲ, ನಿಮಗೂ ಕೇಳಲ್ಲ. ಇವಳೊಬ್ಬಳಿಗೇ ಕೀ ಅಂತ ಒಂದೇ ಸಮ ಕೇಳುತ್ತಂತೆ," ಎಪ್ಪತ್ತು ದಾಟಿದ ಅತ್ತೆ ಕಣ್ಣೊರೆಸಿಕೊಂಡರು. "ತಿಂಗಳಾಯ್ತು, ಇವಳಿಗೆ ನಿದ್ದೆ ಇಲ್ಲ. ಹಡಗಿನಲ್ಲಿರೋ ಮಗನಿಗೆ ನಾನೇನು ಹೇಳ್ಲಪ್ಪ? ಇವತ್ತು ಸಂಜೆ ತಲೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದೀನಿ." ಪಾಪ, ಅವರದು ಕೇಡಿನ ಬುದ್ಧಿಯಲ್ಲ, ಬರೀ ಹೆದರಿಕೆ.

ಸೊಸೆ ಮೊಬೈಲನ್ನು ಪೆಟ್ಟಿಗೆಯ ಹತ್ತಿರ ಹಿಡಿದಳು. ಶಬ್ದವನ್ನು ಗೆರೆಗಳಾಗಿ ತೋರಿಸುವ ಆ್ಯಪ್ ಅದರಲ್ಲಿತ್ತು. ಗಿಡ್ಡ ಗೆರೆಗಳ ನಡುವೆ ಒಂದೇ ಒಂದು ಗೆರೆ ದೀಪದ ಕಂಬದ ಹಾಗೆ ನೆಟ್ಟಗೆ ನಿಂತಿತ್ತು. ಏಸಿ ಆರಿಸಿದಳು, ಗೆರೆ ಮಲಗಿತು. ಹಾಕಿದಳು, ಎದ್ದು ನಿಂತಿತು.

ಮೆಕ್ಯಾನಿಕ್ ಮತ್ತೆ ಕಿವಿ ಹಚ್ಚಿದ. ಕಣ್ಣೆದುರು ಗೆರೆ ಕುಣಿಯುತ್ತಿದೆ, ಕಿವಿಯಲ್ಲಿ ಮಾತ್ರ ಏನೂ ಇಲ್ಲ. "ಇನ್ನೊಂದ್ಸಲ ಆರ್ಸಮ್ಮ," ಎಂದ. ಮತ್ತೊಂದು ಸಲ ಎಂದ. ಕೆಟ್ಟಿರುವುದು ಈ ಹೆಣ್ಣುಮಗಳ ತಲೆಯಲ್ಲ, ಕಾರ್ಖಾನೆಯ ಗದ್ದಲದಲ್ಲಿ ಸಣ್ಣ ದನಿಗೆ ಕಿವುಡಾದ ತನ್ನ ಕಿವಿ.

ಫ್ಯಾನ್ ಬಿಚ್ಚಿದ. ಒಳಗಿನ ಬೇರಿಂಗ್ ಗ್ರೀಸಿನ ಪಸೆಯೇ ಇಲ್ಲದೆ ಒಣಗಿತ್ತು. ಹೊಸದನ್ನು ಕೂರಿಸಿ ಏಸಿ ಚಾಲೂ ಮಾಡಿದ. ಕಂಬದಂಥ ಗೆರೆ ಏಳಲಿಲ್ಲ.

"ನಿಂತ್ಹೋಯ್ತು ಅತ್ತೆ!" ಎಂದು ಸೊಸೆ ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಅವಳ ಬೆನ್ನು ಸವರಿದರು. ಅಳು ನಿಲ್ಲಿಸಿ ಸೊಸೆ ತಿರುಗಿ ನೋಡಿದರೆ, ಮೆಕ್ಯಾನಿಕ್ ಗೋಡೆ ಹಿಡಿದುಕೊಂಡು ನಿಂತಿದ್ದಾನೆ.

"ಯಾಕಣ್ಣ, ಹಿಂಗೆ ಬೆವರ್ತಿದೀರಿ? ಕೂತ್ಕೊಳ್ಳಿ."

"ನನ್ನ ಹೆಂಡತೀನೂ ನಮ್ಮನೆ ಏಸಿ ಕೀ ಅನ್ನುತ್ತೆ ಅಂತ ಹೀಗೇ ಬಡ್ಕೊಂಡ್ಳು. ನಾನೇ ಕಿವಿ ಇಟ್ಟು ಕೇಳಿ, ಏನೂ ಇಲ್ಲ ಅಂತ ನಾನೇ ತಲೆ ಡಾಕ್ಟರ ಹತ್ರ ಕರ್ಕೊಂಡು ಹೋದೆ. ಎರಡು ವರ್ಷದಿಂದ ಮಾತ್ರೆ ನುಂಗ್ತಿದಾಳೆ. ಈಗ ಶಬ್ದ ಅನ್ನಲ್ಲ. ಊಟ ಅನ್ನಲ್ಲ, ನಿದ್ದೆ ಅನ್ನಲ್ಲ, ಏನೂ ಅನ್ನಲ್ಲ ಕಣಮ್ಮ. ವಾಸಿಯಾಯ್ತು ಅಂದ್ಕೊಂಡಿದ್ದೆ."