ಸೂರ್ಯ ಮುನಿದ ದಿನ

ಒಂದಾನೊಂದು ಊರಿನಲ್ಲಿ, ಸೂರ್ಯನ ಮುನಿಸನ್ನು ಮೊದಲೇ ಲೆಕ್ಕ ಹಾಕಿ ಹೇಳುವ ಮಂದಾರ ಎಂಬ ವಿಜ್ಞಾನಿಯೂ, ಸಿಳ್ಳು ಹಾಕಿ, ಜೋಳದ ಡಬ್ಬಿ ಅಲ್ಲಾಡಿಸಿ ಪಂದ್ಯದ ಪಾರಿವಾಳಗಳನ್ನು ಗೂಡಿಗೆ ಕರೆಯುವ ಅವಳ ತಾತನೂ ಇದ್ದರು.

"ನಾಳೆ ಹಕ್ಕಿ ಬಿಡೋದು ಬೇಡ ತಾತ. ಸೂರ್ಯನಿಂದ ಬಿರುಗಾಳಿ ಹೊರಟಿದೆ. ಭೂಮಿಯ ಅಯಸ್ಕಾಂತವೇ ಅಲುಗಾಡುತ್ತೆ. ಅದನ್ನ ನಂಬಿ ಹಾರೋ ಪಾಪದವು, ದಾರಿ ತಪ್ತವೆ."

"ನಾಳೆನೇ ಪಂದ್ಯ ಕಣವ್ವ. ನನ್ನ ಮೊಪೆಡ್ ಮೇಲೆ ಪಂಜರ ಕೂರಲ್ಲ, ನೀನೇ ಕಾರಲ್ಲಿ ಒಯ್ದು ಬೆಟ್ಟದಾಚೆ ಬಿಟ್ಟು ಬಾ. ಯಾವುದು ದಾರಿ ತಪ್ಪಿದ್ರೂ ನಾನು ಹುಡುಕಿ ಮನೆ ಸೇರಿಸ್ತೀನಿ. ಮಾತು ಕೊಟ್ಟೆ."

ಮರುದಿನ ಮಂದಾರ ಬೆಟ್ಟದಾಚೆ ಪಂಜರ ತೆರೆದಳು. ಹಕ್ಕಿಗಳು ಒಂದು ಸುತ್ತು ಹಾಕಿ ಮರೆಯಾದವು. ಅವುಗಳ ಗತಿ ನೆನೆದು ನಿಟ್ಟುಸಿರಿಟ್ಟು, ಉಪಗ್ರಹಗಳನ್ನು ಕೇಳಿ ದಾರಿ ತೋರುವ ಫೋನನ್ನು ನಂಬಿ ಮನೆಯತ್ತ ಹೊರಟಳು.

ಸಂಜೆ ತಾತನ ಕರೆ ಬಂತು. "ಎಲ್ಲಾ ಬಂದ್ವು, ಕಾಳು ತಿಂತಿವೆ. ನೀನೆಲ್ಲಿದ್ದೀಯವ್ವಾ?"

ಫೋನಿನ ನೀಲಿ ಚುಕ್ಕೆ ಅವಳನ್ನು ಕೆರೆಯ ನಡುವೆ ತೋರಿಸುತ್ತಿತ್ತು. ಸುತ್ತ ಇದ್ದದ್ದು ನೀಲಗಿರಿ ತೋಪು.

"ಗೊತ್ತಿಲ್ಲ ತಾತ. ಇಲ್ಲೊಂದು ಆನೆಯಂಥ ಬಂಡೆ ಇದೆ."

"ಅಲ್ಲೇ ಇರು."

ಹೊತ್ತು ಮುಳುಗುವಾಗ ತೋಪಿನಾಚೆ ಮೊಪೆಡ್ ಸದ್ದಾಯಿತು. ಅದು ನಿಂತ ಮೇಲೆ ಉದ್ದನೆಯ ಸಿಳ್ಳೊಂದು ಕೇಳಿಸಿತು, ಹಿಂದೆಯೇ ಜೋಳದ ಡಬ್ಬಿಯ ಗಲಗಲ.