ದೊಡ್ಡವರ ಹಲ್ಲು

ದೊಡ್ಡವರು ಬಾಯಿ ತೆರೆದರು. ಮೂಗಿಗೆ ಮಾಸ್ಕ್ ಇದ್ದರೂ ಹಲ್ಲಿನ ಡಾಕ್ಟರಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಆ ಬಾಯಿಂದ ಹೊರಡುವ ಮಾತಿಗೆ ಮೈದಾನಗಳೇ ತುಂಬುತ್ತಿದ್ದವು. ಈಗ ಹೊರಟ ವಾಸನೆಗೆ ಅವಳ ಪುಟ್ಟ ಕ್ಲಿನಿಕ್ ತುಂಬಿತು. ಕುರ್ಚಿಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಅವಳ ಮಾವ ಮಾತ್ರ ಮುಖದ ಒಂದು ಗೆರೆಯನ್ನೂ ಅಲುಗಿಸಲಿಲ್ಲ. ಅವರು ದೊಡ್ಡವರ ಅಭಿಮಾನಿ ಬಳಗದ ಅಧ್ಯಕ್ಷರು. ಸಂಜೆಯ ಭಾಷಣಕ್ಕೆಂದು ಊರಲ್ಲೇ ತಂಗಿದ್ದ ದೊಡ್ಡವರಿಗೆ ಹಲ್ಲುನೋವು ಎಂದು ತಿಳಿದದ್ದೇ ತಡ, ಪರರ ಕೈಗೆ ಬಿಡದೆ ತಮ್ಮ ಸೊಸೆಯ ಹತ್ತಿರವೇ ಕರೆತಂದಿದ್ದರು.

ಅವಳು ಪುಟ್ಟ ಕನ್ನಡಿ ಹಿಡಿದು ಒಳಗೆಲ್ಲ ನೋಡಿದಳು. "ದವಡೆ ಹಲ್ಲಲ್ಲಿ ಹುಳುಕಿದೆ," ಎಂದಳು.

"ಯಾರ ಹಲ್ಲಲ್ಲಿ?" ಎಂದರು ಮಾವ.

"ಇವರದ್ದೇ, ಮಾವ."

ಮಾವ ದನಿ ತಗ್ಗಿಸಿದರು. "ನೋಡಮ್ಮ, ಇವರನ್ನ ಕಂಡರೆ ಆಗದವರು ಎಷ್ಟೋ ವರ್ಷದಿಂದ ಭೂತಗನ್ನಡಿ ಹಿಡಿದು ಹುಡುಕ್ತಾ ಇದ್ದಾರೆ. ಅವರಿಗೇ ಸಿಗದ ಹುಳುಕು ನಿನಗೆ ಹೇಗೆ ಸಿಕ್ತು?"

"ಅವರ್ಯಾರೂ ಬಾಯೊಳಗೆ ನೋಡಿಲ್ವಲ್ಲ ಮಾವ."

ಎಕ್ಸ್-ರೇ ತೆಗೆದು ತೋರಿಸಿದಳು. ಹಲ್ಲಿನ ಬುಡದಲ್ಲಿ ಕಪ್ಪಗೆ ಒಂದು ಗುಂಡಿ. ಮಾವ ಅದನ್ನು ತಲೆಕೆಳಗಾಗಿ ಹಿಡಿದು ನೋಡಿದರು, ನೇರ ಹಿಡಿದೂ ನೋಡಿದರು. ಫೋಟೋ ಚೆನ್ನಾಗಿ ಬಂದಿಲ್ಲ ಎಂದರು. ಬೇಕಾದರೆ 'ದಣಿವು' ಅನ್ನು, ಜನರಿಗಾಗಿ ಮಾತಾಡಿ ಮಾತಾಡಿ ಹಲ್ಲು ದಣಿದಿದೆ ಅನ್ನು ಎಂದು ಸಲಹೆಯನ್ನೂ ಕೊಟ್ಟರು. ಸೊಸೆಗೆ ಮಾವನ ಸ್ವಭಾವ ಗೊತ್ತಿಲ್ಲದ್ದಲ್ಲ. 'ದೊಡ್ಡವರ ಭಾಷಣ ಯಾಕೋ ಸ್ವಲ್ಪ ಎಳೆದ ಹಾಗಿತ್ತಪ್ಪ' ಎಂದ ತಪ್ಪಿಗೆ ಹೆತ್ತ ಮಗನ ಜೊತೆಗೇ ಮಾತು ಬಿಟ್ಟವರು ಅವರು. ಊಟಕ್ಕೆ ಕೂತಾಗ ಮಗನ ಮುಂದಿರುವ ಉಪ್ಪು ಬೇಕಾದರೂ ಸೊಸೆಯನ್ನು ಅಡುಗೆಮನೆಯಿಂದ ಕೂಗಿ ಕರೆಯುತ್ತಿದ್ದರು.

"ದಣಿದಿದ್ರೆ ಗುಳಿಗೆ ಕೊಟ್ಟು ಕಳಿಸ್ತಿದ್ದೆ ಮಾವ. ಇದು ಕೊಳೆತಿದೆ. ಕೀವು ಮೂಳೆಗೆ ಇಳಿದಿದೆ. ಇವತ್ತೇ ತೆಗೀದಿದ್ರೆ ಜೀವಕ್ಕೇ ಕುತ್ತು ಬರುತ್ತೆ."

ಕುರ್ಚಿಯಲ್ಲಿ ಮಲಗಿದ್ದ ದೊಡ್ಡವರು ಬಾಯಿ ಮುಚ್ಚಿ ಅವಳನ್ನೇ ನೋಡಿದರು. "ಅಮ್ಮಾ, ನನ್ನ ಬಾಯಿ ವಾಸನೆ ಬರ್ತಾ ಇದೆಯಾ?"

ಮಾವ ಹಿಂದಿನಿಂದ ತಲೆಯಾಡಿಸಿ ಬೇಡ ಬೇಡವೆಂದು ಸನ್ನೆ ಮಾಡಿದರು. ಅವಳು ಆ ಕಡೆ ನೋಡದೆ, "ಬರ್ತಿದೆ ಸರ್. ಶುರುವಾಗಿ ವರ್ಷದ ಮೇಲೇ ಆಗಿರಬೇಕು," ಎಂದಳು.

ದೊಡ್ಡವರು ಮೆಲ್ಲಗೆ ಕತ್ತು ತಿರುಗಿಸಿದರು. "ಅಧ್ಯಕ್ಷರೇ, ವೇದಿಕೆ ಮೇಲೆ ಯಾವಾಗ್ಲೂ ನನ್ನ ಪಕ್ಕದಲ್ಲೇ ಕೂರ್ತೀರಲ್ಲ. ನಿಮಗೆ ಗೊತ್ತಾಗ್ಲಿಲ್ವೇನ್ರೀ?"

"ನಿಮ್ಮ ಮಾತು ಕೇಳ್ತಾ ಕೂತರೆ ನಮಗೆ ಮೈಮೇಲೆ ಎಚ್ಚರ ಎಲ್ಲಿರುತ್ತೆ," ಎಂದರು ಮಾವ. ಸಭೆಗೆ ಹೊರಡುವಾಗಲೆಲ್ಲ ಅವರು ಕರ್ಚೀಫಿಗೆ ಅತ್ತರು ಸುರಿದುಕೊಳ್ಳುತ್ತಿದ್ದುದು ಯಾಕೆಂದು ಸೊಸೆಗೆ ಆಗ ಹೊಳೆಯಿತು.

"ತೆಗೆದುಬಿಡಮ್ಮ," ಎಂದು ದೊಡ್ಡವರು ಕಣ್ಣು ಮುಚ್ಚಿದರು.

ಹಲ್ಲು ಸುಲಭಕ್ಕೆ ಜಗ್ಗಲಿಲ್ಲ. ಕೊನೆಗೂ ಕಿತ್ತು ಬಂದದ್ದನ್ನು ಟ್ರೇಯಲ್ಲಿಟ್ಟು ತೋರಿಸಿದಾಗ ದೊಡ್ಡವರು ಅದನ್ನು ಬಹಳ ಹೊತ್ತು ನೋಡಿದರು. ಮದ್ದಿಗೆ ಮರಗಟ್ಟಿದ ತುಟಿಯಿಂದ ಮಾತು ಹೊರಡಲಿಲ್ಲ. ಅವಳ ಕೈಯನ್ನು ಎರಡೂ ಕೈಗಳಿಂದ ಹಿಡಿದು ಅಲುಗಿಸಿದರು. ಅವರ ಕಣ್ಣಂಚು ಒದ್ದೆಯಾಗಿತ್ತು. ಪರವಾಗಿಲ್ಲ, ಈ ಮನುಷ್ಯನಿಗೆ ಸತ್ಯ ದಕ್ಕುತ್ತದೆ ಎಂದುಕೊಂಡಳು ಅವಳು.

ಹೊರಗೆ ಬೀದಿ ತುಂಬ ಜನ. ಮಾವ ಮೆಟ್ಟಿಲ ಮೇಲೆ ನಿಂತು ಗಂಟಲು ಸರಿಮಾಡಿಕೊಂಡರು. "ಲೋಕದಲ್ಲಿ ಮಾತು ಜಾಸ್ತಿ ಆಗಿದೆ ಅಂತ ದೊಡ್ಡವರಿಗೆ ಬೇಸರವಾಗಿದೆ. ಅದಕ್ಕೇ ಇವತ್ತು ಮೌನದಲ್ಲೇ ಭಾಷಣ ಮಾಡ್ತಾರೆ."

ಚಪ್ಪಾಳೆ ಬಿತ್ತು. ಬಾಗಿಲಲ್ಲಿ ನಿಂತಿದ್ದ ಡಾಕ್ಟರಮ್ಮ ದೊಡ್ಡವರ ಮುಖ ನೋಡಿದಳು. ಬಾಯಿ ಬಾರದಿದ್ದರೇನು, ಅಲ್ಲವೆಂದು ತಲೆಯಾಡಿಸಬಹುದಿತ್ತು. ಅವರು ಜನರನ್ನೊಮ್ಮೆ ನೋಡಿ ಕೈ ಮೇಲೆತ್ತಿದರು. ಮರಗಟ್ಟಿದ ಬಾಯಿ ಒಂದು ಕಡೆಗೆ ಜೋತುಬಿದ್ದಿತ್ತು. "ಎಂಥ ನಗು ನೋಡಿ," ಎಂದು ಮುಂದಿದ್ದವನೊಬ್ಬ ಪಕ್ಕದವನಿಗೆ ಹೇಳುತ್ತಿದ್ದ.

ಕಾರು ಹೊರಟ ಮೇಲೆ ಮಾವ ಒಳಗೆ ಬಂದು ಟ್ರೇ ಮುಂದೆ ನಿಂತರು. "ಆ ಹಲ್ಲು ಬಳಗದ ಭವನಕ್ಕೆ ಬೇಕಮ್ಮ. ಅವರ ಕನ್ನಡಕ, ಚಪ್ಪಲಿ ಎಲ್ಲಾ ಇಟ್ಟಿದ್ದೀವಲ್ಲ, ಅಲ್ಲೇ ಗಾಜಿನ ಪೆಟ್ಟಿಗೇಲಿ ಇಡ್ತೀವಿ. ಸ್ವಲ್ಪ ಬೆಳ್ಳಗೆ ಮಾಡಿಕೊಡು."

"ಅದು ಬೆಳ್ಳಗಾಗಲ್ಲ ಮಾವ. ಮುಟ್ಟಿದ್ರೆ ಪುಡಿಯಾಗುತ್ತೆ."

ಮಾವ ಮುಖ ಸಣ್ಣ ಮಾಡಿಕೊಂಡು ಅತ್ತಿತ್ತ ನೋಡಿದರು. ಕಿಟಕಿಯ ಹತ್ತಿರ, ಗಾಜಿನ ಬಟ್ಟಲಲ್ಲಿ ಇನ್ನೊಂದು ಹಲ್ಲಿತ್ತು. ಬೆಳ್ಳಗೆ, ಒಂದು ಕಲೆಯೂ ಇಲ್ಲದೆ. "ಇದು ಯಾರದಮ್ಮ?"

"ಬೆಳಿಗ್ಗೆ ಬಂದಿದ್ದ ಬಡಗಿಯದು. ನಿನ್ನೆ ನಿಮ್ಮ ಬಳಗದ ಸಭೇಲಿ ಎದ್ದು ನಿಂತು ದೊಡ್ಡವರ ಬಗ್ಗೆ ಒಂದು ಪ್ರಶ್ನೆ ಕೇಳಿದ್ನಂತೆ. ನಿಮ್ಮವರು ಕೊಟ್ಟ ಏಟಿಗೆ ಪೂರ್ತಿ ಸಡಿಲವಾಗಿತ್ತು, ಉಳಿಸೋಕೆ ಆಗ್ಲಿಲ್ಲ."

ಮಾವ ಅದನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. "ಗಟ್ಟಿಯಾಗಿದೆ ಅಲ್ವಾ?"

"ಮಾವ, ಅದು ಮುಂದಿನ ಹಲ್ಲು. ದೊಡ್ಡವರ ಮುಂದಿನ ಹಲ್ಲೆಲ್ಲ ಅವರ ಬಾಯಲ್ಲೇ ಇವೆ."

"ಇರಲಿ ಬಿಡು. ಅವರ ಹಲ್ಲು ಎಣಿಸೋ ಧೈರ್ಯ ಯಾರಿಗಿದೆ," ಎಂದು ಮಾವ ಆ ಹಲ್ಲನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.